ವಿಜ್ಞಾನದ ಮೇಷ್ಟರ ಮನೆಯ ತುಕ್ಕು

ಕಬ್ಬಿಣಕ್ಕೆ ತುಕ್ಕು ಏಕೆ ಹಿಡಿಯುತ್ತದೆ ಎಂಬ ಪಾಠವನ್ನು ನಾನು ಯಶವಂತಪುರದ ಶಾಲೆಯೊಂದರಲ್ಲಿ ವರ್ಷವರ್ಷವೂ ಮಾಡುತ್ತಿದ್ದೆ. ಮೂರು ಸೀಸೆ, ಮೂರು ಮೊಳೆ. ಒಂದರಲ್ಲಿ ಮಾಮೂಲಿ ನೀರು. ಇನ್ನೊಂದರಲ್ಲಿ ಕುದಿಸಿ ಗಾಳಿ ಕಳೆದ ನೀರು, ಅದರ ಮೇಲೊಂದು ಪದರ ಎಣ್ಣೆ. ಮೂರನೆಯದರಲ್ಲಿ ನೀರೇ ಇಲ್ಲ, ತೇವ ಹೀರಲು ಸುಟ್ಟ ಸುಣ್ಣದ ಹರಳು ಮಾತ್ರ. ವಾರ ಕಳೆದ ಮೇಲೆ ನೋಡಿದರೆ ಮೊದಲನೆಯ ಮೊಳೆಗಷ್ಟೇ ತುಕ್ಕು. ನೀರೊಂದೇ ಸಾಲದು, ಗಾಳಿಯ ಆಮ್ಲಜನಕವೊಂದೇ ಸಾಲದು, ಎರಡೂ ಕೂಡಿ ಬರಬೇಕು. ಇಷ್ಟೆಲ್ಲ ಬಲ್ಲ ನಾನು, ಅರವತ್ತರ ದಶಕದ ಒಂದು ಮಳೆಗಾಲದಲ್ಲಿ, ಮತ್ತಿಕೆರೆಯ ನಮ್ಮ ಬಾಡಿಗೆ ಮನೆಯ ಕಿಟಕಿ ಮುಚ್ಚದೆ ಊರಿಗೆ ಹೋದೆ.

ಊರೆಂದರೆ ಚಿಕ್ಕಜಾಲ, ನನ್ನ ಹೆಂಡತಿ ಜಯಮ್ಮನ ತವರು. ಅವಳ ತಂಗಿಯ ಬಾಣಂತನಕ್ಕೆಂದು ಹೋದವರು ಹದಿನೈದು ದಿನ ಇದ್ದು ಬಂದೆವು. ಕಿಟಕಿಯ ಕೆಳಗೆ ಅವಳ ಹೊಲಿಗೆ ಯಂತ್ರವಿತ್ತು, ತವರಿನವರು ಮದುವೆಯಲ್ಲಿ ಕೊಟ್ಟದ್ದು. ಅದರ ಮೈಯೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಜಯಮ್ಮ ಹಿಡಿ ತಿರುಗಿಸಿದಳು. ಚಕ್ರ ಅಲುಗಲಿಲ್ಲ.

ಅವಳು ಹೊಲಿಗೆ ಶಿಕ್ಷಕಿಯರ ಪರೀಕ್ಷೆಗೆ ಕಟ್ಟಿದ್ದಳು. ಇನ್ನು ಮೂರೇ ವಾರ. ಅಷ್ಟರಲ್ಲಿ ಮಾದರಿ ಬಟ್ಟೆಗಳನ್ನು ಹೊಲಿದು ಒಪ್ಪಿಸಬೇಕಿತ್ತು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಯಂತ್ರ ರಿಪೇರಿ ಮಾಡುವ ಕರೀಮ್ ಸಾಬರನ್ನು ಕರೆತಂದೆ. ಅವರು ಒಂದು ತಿರುಪನ್ನು ಬಿಚ್ಚಲು ನೋಡಿ ಕೈಬಿಟ್ಟರು.

"ಇದ್ರಲ್ಲಿ ಏನೂ ಉಳಿದಿಲ್ಲ ಮೇಷ್ಟ್ರೇ. ಗುಜರಿಯೋರು ಬಂದಾಗ ಕೊಟ್ಬಿಡಿ."

ಬೇರೆ ಯಾರದಾದರೂ ಯಂತ್ರ ಕೇಳಿ ತರುತ್ತೇನೆ ಎಂದೆ.

"ಬ್ಯಾರೆಯೋರ ಮಿಷನ್ನು ನನ್ ಕೈ ಮಾತು ಕೇಳಾಕಿಲ್ಲ" ಎಂದಳು ಜಯಮ್ಮ. "ಇದು ತಿರುಗೋವರ್ಗೂ ನಾನ್ ಬಿಡಾಕಿಲ್ಲ."

ಅಂದೇ ಶುರುಮಾಡಿದಳು. ತಿರುಪುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದಳು. ಬಿಚ್ಚಿದ ಒಂದೊಂದು ಭಾಗವೂ ಎಲ್ಲಿಯದೆಂದು ಹಳೆಯ ಪಂಚಾಂಗದ ಹಾಳೆಯ ಮೇಲೆ ಗುರುತು ಹಾಕಿಕೊಂಡಳು. ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಅವಳ ಬೆರಳ ತುದಿಗಳ ಚರ್ಮ ಸುಲಿಯಿತು. ಮನೆಯಲ್ಲಿ ಸಾರಿಗೂ ಸೀಮೆಎಣ್ಣೆಯ ವಾಸನೆ ಬರತೊಡಗಿತು. ನಾನು ಉಸಿರೆತ್ತದೆ ಉಂಡೆ.

ಐದನೆಯ ದಿನದ ಹೊತ್ತಿಗೆ ಎಲ್ಲ ಭಾಗಗಳೂ ಮೊರದ ತುಂಬ ಥಳಥಳಿಸುತ್ತಿದ್ದವು. ಅವಳು ಅಂಗಡಿಗೆ ಹೋಗಿದ್ದಾಗ ನನಗೆ ನೆರವಾಗುವ ಉತ್ಸಾಹ ಬಂತು. ಸೀಮೆಎಣ್ಣೆ ಬಟ್ಟೆಗೆ ಹತ್ತೀತೆಂದು ಎಲ್ಲವನ್ನೂ ಸಾಬೂನು ನೀರಿನಲ್ಲಿ ತೊಳೆದು, ಒರೆಸದೆ, ಸಂಜೆಯ ಗಾಳಿಗೆ ಹರವಿಟ್ಟೆ. ಬೆಳಿಗ್ಗೆ ಮೊರದ ತುಂಬ ಮತ್ತೆ ಇಟ್ಟಿಗೆ ಬಣ್ಣ.

ಜಯಮ್ಮ ಮೊರವನ್ನೂ ನನ್ನನ್ನೂ ನೋಡಿದಳು. "ನೀರೂ ಕೊಟ್ರಿ, ಗಾಳೀನೂ ಕೊಟ್ರಿ. ಮಕ್ಕಳಿಗೆ ಯೋಳ್ಕೊಡೋದು ಇದ್ನೇ ಅಲ್ವರಾ?"

ತಲೆ ತಗ್ಗಿಸಿ ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ, ಪಾಠ ಹೇಳಿದೆ. ನಮ್ಮ ಭಾಷೆ ಜಾಣ ಭಾಷೆ. ತಾಮ್ರಕ್ಕೆ ಹಿಡಿಯುವುದನ್ನು ಕಿಲುಬು ಎನ್ನುತ್ತದೆ, ಕಬ್ಬಿಣಕ್ಕೆ ಹಿಡಿಯುವುದನ್ನು ತುಕ್ಕು ಎನ್ನುತ್ತದೆ. ತಾಮ್ರದ ಮೇಲಿನ ಪದರ ಗಟ್ಟಿಯಾಗಿ ಕೂತು ಒಳಗಿನ ಲೋಹವನ್ನು ತಕ್ಕಮಟ್ಟಿಗೆ ಕಾಯುತ್ತದೆ. ತುಕ್ಕು ಹಾಗಲ್ಲ. ಅದು ಉಬ್ಬಿ, ಬಿರಿದು, ಪುಡಿಯಾಗಿ ಉದುರಿ, ನೀರನ್ನೂ ಗಾಳಿಯನ್ನೂ ಇನ್ನಷ್ಟು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ತೆಗೆದರೆ ಪೂರ್ತಿ ತೆಗೆಯಬೇಕು, ತೆಗೆದ ಕೂಡಲೇ ಎಣ್ಣೆ ಸವರಿ ಎರಡಕ್ಕೂ ಬಾಗಿಲು ಹಾಕಬೇಕು.

ನನ್ನ ಪಾಠವನ್ನು ಯಾರಾದರೂ ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

"ಅಂಗಾದ್ರೆ ಒಂದು ಚುಕ್ಕೀನೂ ಬಿಡಂಗಿಲ್ಲ" ಎಂದಳು. "ಬನ್ನಿ, ಆ ಕಡೆ ಇಡ್ಕೊಳ್ಳಿ."

ಮತ್ತೆ ಮೊದಲಿನಿಂದ. ಈ ಸಲ ಒಂದು ಭಾಗ ಉಜ್ಜಿದೊಡನೆ ಬಿಸಿಲಲ್ಲಿ ಕಾಯಿಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಟ್ಟು, ಆಮೇಲೆ ಮುಂದಿನದಕ್ಕೆ ಕೈಹಾಕುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಅವಳ ಕೆಳಗಿನ ಕೆಲಸಗಾರ. ಹನ್ನೆರಡನೆಯ ದಿನ ಯಂತ್ರವನ್ನು ಜೋಡಿಸಿ ಹಿಡಿ ತಿರುಗಿಸಿದಳು. ಚಕ್ರ ಒಮ್ಮೆ ನರಳಿ, ಸುತ್ತಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಸುದ್ದಿ ತಿಳಿದು ಕರೀಮ್ ಸಾಬರು ತಾವಾಗಿಯೇ ಬಂದರು. ಬಗ್ಗಿ ಎಲ್ಲ ಕಡೆ ನೋಡಿ, "ಸೂಜಿ ಒಂಚೂರು ವಾರೆ ಇದೆ, ನಾನ್ ಕೂರಿಸ್ಕೊಡ್ತೀನಮ್ಮ" ಎಂದು ಸರಿಮಾಡಿ, ಚಹಾ ಕುಡಿದು ಹೋದರು.

ಉಳಿದ ದಿನಗಳಲ್ಲಿ ಅವಳು ರವಿಕೆ, ಮಗುವಿನ ಲಂಗ, ಗಂಡಸರ ಅಂಗಿ, ಮೂರನ್ನೂ ಹೊಲಿದು ಮುಗಿಸಿದಳು. ಅಂಗಿಗೆ ಅಳತೆ ಕೊಟ್ಟವನು ನಾನೇ. ಜಯಮ್ಮ ಪಾಸಾದಳು. ಯಲಹಂಕದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವೂ ಸಿಕ್ಕಿತು.

ಮಾದರಿ ಬಟ್ಟೆಗಳು ಹಿಂದಿರುಗಿ ಬಂದಾಗ ಅಂಗಿಯ ಎದೆಯ ಮೇಲೆ ಪರೀಕ್ಷಕರು ಒತ್ತಿದ ನೇರಳೆ ಮುದ್ರೆ ಇತ್ತು. ಎಷ್ಟು ಒಗೆದರೂ ಹೋಗಲಿಲ್ಲ. ಒಳ್ಳೆಯ ಅಂಗಿಯನ್ನು ಸುಮ್ಮನೆ ಇಡುವುದೇಕೆಂದು ಹಾಕಿಕೊಂಡೇ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಕನ್ನಡಕ ಏರಿಸಿ, "ಇದೇನ್ರೀ, ಎದೆ ಮೇಲೆ 'ತೇರ್ಗಡೆ' ಅಂತಿದೆ?" ಎಂದು ಕೇಳಿದರು.

"ತೇರ್ಗಡೆಯಾದದ್ದು ನನ್ನ ಹೆಂಡತಿ ಸಾರ್" ಎಂದೆ. "ನನ್ನದಿನ್ನೂ ನಡೀತಿದೆ."