ಎದುರುಮನೆ ಅಮ್ಮ ಬರೆದಿಟ್ಟ ಮನೆ

ಮೊನ್ನೆ ಮೊಮ್ಮಗಳು ತನ್ನ ಕೂಸಿಗೆಂದು ಬಜೆ ತೇಯುತ್ತಿದ್ದಳು. ಆ ಘಾಟು ಮೂಗಿಗೆ ತಾಕಿದ್ದೇ ತಡ, ನನ್ನ ಚೊಚ್ಚಲ ಕೂಸಿಗೆ ಬಜೆ ತೇಯ್ದುಕೊಡುತ್ತಿದ್ದ ಮುಳಬಾಗಿಲಿನ ನಮ್ಮ ಎದುರುಮನೆ ಅಮ್ಮ ಕಣ್ಣಮುಂದೆ ಬಂದರು...

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನಾನು ಆ ಬೀದಿಗೆ ಸೊಸೆಯಾಗಿ ಬಂದೆ. ಅವರಿಗೆ ಆಗಲೇ ಗಂಡನಿರಲಿಲ್ಲ. ಇದ್ದೊಬ್ಬ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳಂತೆ. ನೋವು ಶುರುವಾಗಿ ಹಗಲೆಲ್ಲ ಕಳೆದರೂ ಹೆರಿಗೆಯಾಗಲಿಲ್ಲ. ಕೊನೆಗೆ ಗಾಡಿ ಕಟ್ಟಿ ಕೋಲಾರದ ಆಸ್ಪತ್ರೆಗೆ ಹೊರಟರಂತೆ. ತಾಯಿ, ಮಗು ಎರಡೂ ದಾರಿಯಲ್ಲೇ ಹೋದವು. ಇದನ್ನು ಅವರು ನನಗೆ ಹೇಳಿದ್ದು ಒಮ್ಮೆ ಮಾತ್ರ, ನಾನು ಬಸುರಿಯಾಗಿದ್ದಾಗ.

ಮನೆ ಅವರ ತಂದೆ ಅವರಿಗೇ ಕೊಟ್ಟದ್ದು. ನಡುವೆ ತೊಟ್ಟಿ, ಸುತ್ತ ಕೋಣೆಗಳು. ಮುಂದೆ ಅದು ಮೈದುನನ ಮಗನಿಗೇ ಎಂದು ಎಲ್ಲರೂ ತಿಳಿದಿದ್ದರು. ಅವನ ಪುಟ್ಟ ಮಗಳು ದಿನವೆಲ್ಲ ಇವರ ಸೆರಗು ಹಿಡಿದೇ ಓಡಾಡುತ್ತಿದ್ದಳು. ಆದರೆ ಅಮ್ಮ ಒಂದು ಬೆಳಿಗ್ಗೆ ವಕೀಲರನ್ನು ಕರೆಸಿ, ತಾನು ಸತ್ತಮೇಲೆ ಮನೆ ಪುರಸಭೆಗೆ ಸೇರಿ ಊರಿಗೊಂದು ಹೆರಿಗೆ ಆಸ್ಪತ್ರೆಯಾಗಬೇಕೆಂದು ವಿಲ್ ಬರೆಸಿದರು.

ಸುದ್ದಿ ತಿಳಿದು ಅವನು ಓಡಿಬಂದ. ನಾನೂ ಅಲ್ಲೇ ಇದ್ದೆ.

“ದೊಡ್ಡಮ್ಮಾ, ನಾವು ನಿಂಗೆ ಏನೂ ಅಲ್ವಾ? ಊರೋರಿಗೆ ಬರೆದ್ಬಿಟ್ಟೆಯಲ್ಲ!”

“ನಿಂಗೆ ಹೊಲ ಐತೆ, ಮನೆ ಐತೆ ಕಣಪ್ಪಾ. ಹೆರೋ ಹೆಂಗಸ್ರಿಗೆ ಈ ಊರಲ್ಲಿ ಏನೈತೆ ಹೇಳು?”

ಅವನು ಮಗಳನ್ನು ಎತ್ತಿಕೊಂಡು ಹೋದ. ಆಮೇಲೆ ಅವಳನ್ನು ಇತ್ತ ಕಳಿಸಲೇ ಇಲ್ಲ. ಯುಗಾದಿಗೆ ಅಮ್ಮ ಒಬ್ಬಟ್ಟು ಮಾಡಿ, ಸಂಜೆಯವರೆಗೂ ಜಗಲಿಯಲ್ಲಿ ಕೂತು ಕಾದರು... ನೋಡಲಾರದೆ ನಾನೇ ಹೇಳಿದೆ, “ವಿಲ್ ಬದಲಾಯಿಸ್ಬಿಡಿ ಅಮ್ಮಾ.” ಅವರು ಒಬ್ಬಟ್ಟಿನ ತಟ್ಟೆ ಮುಚ್ಚಿಟ್ಟರು. “ಆಗಲ್ಲ ಕಣೇ ಅಮ್ಮಣ್ಣಿ,” ಎಂದು ಕಣ್ಣೊರೆಸಿಕೊಂಡರು.

ಕಾಯಿಲೆ ಬಿದ್ದು ಇನ್ನು ಏಳಲಾರೆ ಎನಿಸಿದಾಗ ಅವರು ಕೇಳಿದ್ದು ಒಂದೇ, ಆ ಮಗುವನ್ನು ಒಮ್ಮೆ ತೋರಿಸೆಂದು. ನಾನು ಹೋಗಿ ಹೇಳಿದೆ. ಅವನು ತಲೆತಗ್ಗಿಸಿ, “ನಾಳೆ ಕರ್ಕೊಂಡ್ ಬರ್ತೀನಮ್ಮಾ,” ಎಂದ. ಮಾತಿಗೆ ತಪ್ಪದೆ ಬಂದ. ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದರು.

ಕೊಳ್ಳಿ ಇಟ್ಟವನು ಅವನೇ. ಕೇಸು ಹಾಕು ಎಂದು ಕಿವಿಯೂದಿದವರಿಗೆ, “ಸಾಯೋವಾಗ ಅವಳು ಕೇಳಿದ್ದನ್ನೇ ನಾನು ಕೊಡ್ಲಿಲ್ಲ. ಈಗ ಇದನ್ನೂ ಕಿತ್ಕೊಳ್ಳಲಾ?” ಎಂದ. ಬೀಗದಕೈಯನ್ನು ತಾನೇ ಪುರಸಭೆಗೆ ಒಯ್ದು ಒಪ್ಪಿಸಿದ.

ಮನೆ ಆಸ್ಪತ್ರೆಯಾದ ಮೇಲೆ ನನ್ನ ಎರಡನೆಯ ಮಗಳು ಅಲ್ಲೇ ಹುಟ್ಟಿದಳು. ಕಷ್ಟದ ಹೆರಿಗೆ, ಡಾಕ್ಟರಮ್ಮ ಇಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ.

ಈಗ ಆ ತೊಟ್ಟಿಮನೆ ಇಲ್ಲ, ಅದೇ ಜಾಗದಲ್ಲಿ ಹೊಸ ಕಟ್ಟಡ ಎದ್ದಿದೆ. ಹೋದ ವರ್ಷ ಊರಿಗೆ ಹೋದಾಗ, ಇದು ಯಾರ ಮನೆಯಾಗಿತ್ತು ಗೊತ್ತೇನಮ್ಮಾ ಎಂದು ನರ್ಸನ್ನು ಕೇಳಿದೆ. “ಗೊತ್ತಿಲ್ಲ ಅಜ್ಜಿ,” ಎಂದಳು. ಹೇಳಬೇಕೆಂದು ಬಾಯಿ ತೆರೆದೆ... ಅಷ್ಟರಲ್ಲಿ ಒಳಗೆ ಆಗಷ್ಟೇ ಹುಟ್ಟಿದ ಕೂಸೊಂದು ಅತ್ತಿತು, ಅವಳು ಓಡಿದಳು. ನಾನು ಗೋಡೆ ಹಿಡಿದು ಅಲ್ಲೇ ನಿಂತು ಕೇಳಿದೆ. ಆಸ್ಪತ್ರೆಯಾದ ಆ ಮನೆಯಲ್ಲಿ ಹುಟ್ಟಿದ ಒಂದು ಕೂಸಿನ ಅಳುವನ್ನೂ ಅಮ್ಮ ಕೇಳಲಿಲ್ಲ.