ಅವ್ವನ ಬಾಜೂಕಿನ ಜಾಗ

ನನ್ನವ್ವನಿಗೆ ಸಾಯುವುದಕ್ಕೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಎದ್ದ ಮೇಲಿನ ಗತಿಯ ಬಗ್ಗೆ. ಕಡೆಯ ದಿನ ತುತ್ತೂರಿ ಊದಿದಾಗ ಸತ್ತವರೆಲ್ಲ ಎದ್ದು ಬರುತ್ತಾರೆಂದು ನಾವು ಕ್ರೈಸ್ತರು ಬಾಯಲ್ಲಿ ಹೇಳುತ್ತೇವೆ. ಅವ್ವನಿಗೆ ಮಾತ್ರ ಅದು ನಾಳೆ ಬೆಳಗಿನ ಪ್ಯಾಸೆಂಜರ್ ರೈಲಿನಷ್ಟು ಖಾತ್ರಿ. ವಡೋದರಾದ ಮಂಜಲ್‌ಪುರದ ನಮ್ಮ ಮನೆಯಲ್ಲಿ ಚಪಾತಿ ಲಟ್ಟಿಸುತ್ತ ಲಟ್ಟಿಸುತ್ತಲೇ ಶುರು ಮಾಡುತ್ತಿದ್ದಳು.

"ನಿಮ್ಮಪ್ಪಗೇನವಾ, ಹುಬ್ಬಳ್ಳ್ಯಾಗ ತಮ್ಮ ಅಪ್ಪ-ಅವ್ವನ ನಡುವ ಆರಾಮ ಮಲಗ್ಯಾರ. ಎದ್ದ ಕೂಡ್ಲೇ ಮಾತಾಡ್ಕೋತ ಕೂಡತಾರ. ನಾ ಇಲ್ಲೆ ಎದ್ರ ಯಾರ ಜೋಡಿ ಮಾತಾಡ್ಲಿ? ಸುತ್ತೂ ಕಡೆ ಗುಜರಾತಿ ಮಂದಿ!"

ಅಪ್ಪ ರೈಲ್ವೆಯಲ್ಲಿದ್ದರು. ವರ್ಗವಾಗಿ ವಡೋದರಾಕ್ಕೆ ಬಂದವರು ನಿವೃತ್ತಿಯಾದರೂ ಇಲ್ಲೇ ಉಳಿದರು. ಆಮೇಲೆ ಒಂದು ಮದುವೆಗೆಂದು ಹುಬ್ಬಳ್ಳಿಗೆ ಹೋದವರು ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾದರು. ಅವ್ವನಿಗೆ ಇದು ದೊಡ್ಡ ಮೋಸವೆಂದೇ ಅನ್ನಿಸಿತ್ತು. ಆದರೂ ತನ್ನ ಹೆಣ ಹೊತ್ತು ಹುಬ್ಬಳ್ಳಿಗೆ ಓಡಬಾರದೆಂದು ಅವಳೇ ಕಟ್ಟುನಿಟ್ಟು ಮಾಡಿದ್ದಳು. "ಲಗೇಜ್ ಡಬ್ಬಿಯೊಳಗ ನನ್ನ ಹಾಕಬ್ಯಾಡ್ರಿ, ಟಿಕೀಟಿಲ್ಲದ ನಾ ಯಾವತ್ತೂ ಹೋದಾಕಿ ಅಲ್ಲ" ಎನ್ನುತ್ತಿದ್ದಳು.

ಒಂದು ದಿನ ಈ ಗೋಳು ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಯಿತು. "ಸಾಕು ಮಾಡವಾ! ನಿನ್ನ ಬಾಜೂಕ ನಾ ಇರ್ತೀನಿ. ಎದ್ದ ಮ್ಯಾಲ ಹೊಟ್ಟಿ ತುಂಬ ಕನ್ನಡ ಮಾತಾಡು" ಎಂದುಬಿಟ್ಟೆ.

"ಖರೇ?"

"ಖರೇ."

ಅವಳು ಲಟ್ಟಣಿಗೆ ಕೆಳಗಿಟ್ಟು, ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದಳು. ಹನ್ನೆರಡು ವರ್ಷದ ಹಿಂದೆ, ಒಂದು ಸುಡು ಬೇಸಗೆಯಲ್ಲಿ ಅವಳು ಹೋದಾಗ, ಅವಳ ಬಾಜೂಕಿನ ಜಾಗಕ್ಕೆ ನಾಲ್ಕು ಇಟ್ಟಿಗೆ ಇಟ್ಟು ಬಂದೆ. ನಡುವೆ ಕನಕಾಂಬರದ ಸಸಿ ಹಚ್ಚಿದೆ. ಸ್ಮಶಾನದ ಸಮಿತಿಯವರು ಜಾಗ ಹಿಡಿದಿಡುವಂತಿಲ್ಲ, ಇದ್ದ ಜಾಗವೇ ಸಾಲುತ್ತಿಲ್ಲ ಎಂದು ವರ್ಷ ವರ್ಷವೂ ನಿಯಮ ಓದುತ್ತಿದ್ದರು. ನಾನು ವರ್ಷ ವರ್ಷವೂ ಬಾಯಿ ಮಾಡುತ್ತಿದ್ದೆ. ಅವರಲ್ಲಿ ಅರ್ಧ ಮಂದಿ ನನ್ನ ಸಂಡೇ ಸ್ಕೂಲಿನಲ್ಲಿ ಕಿವಿ ಹಿಂಡಿಸಿಕೊಂಡವರು, ಹಾಗಾಗಿ ಸುಮ್ಮನಾಗುತ್ತಿದ್ದರು.

ಈಸ್ಟರ್ ಎಂದರೆ ನನಗೆ ಇಂದಿಗೂ ಸುಣ್ಣದ ವಾಸನೆ. ಶನಿವಾರ ಸಮಾಧಿಗಳಿಗೆಲ್ಲ ಸುಣ್ಣ ಹೊಡೆಯುವುದು, ಭಾನುವಾರ ಬೆಳಕು ಹರಿಯುವ ಮೊದಲೇ ಮೇಣದ ಬತ್ತಿ, ಹೂವು ಹಿಡಿದು ಅಲ್ಲಿಗೆ ಹೋಗುವುದು. ಪಾಸ್ಟರು ಗುಜರಾತಿಯಲ್ಲಿ "ಪ್ರಭು ಎದ್ದಿದ್ದಾನೆ" ಎಂದು ಕೂಗಿದರೆ, ಉಳಿದವರು "ಖರೇಖರ್ ಎದ್ದಿದ್ದಾನೆ" ಎಂದು ಉತ್ತರ ಕೊಡುತ್ತಾರೆ. ನಲವತ್ತು ವರ್ಷ ಈ ಊರಿನಲ್ಲಿದ್ದೂ ಅವ್ವ ಕಲಿತ ಗುಜರಾತಿ ತರಕಾರಿ ಗಾಡಿಯವನ ಜೊತೆ ಚೌಕಾಸಿಗೆ ಆಗುವಷ್ಟು ಮಾತ್ರ. ಆದರೆ ಆ "ಖರೇಖರ್" ಮಾತ್ರ ಸ್ಮಶಾನದ ಗೋಡೆ ದಾಟಿ ಕೇಳುವ ಹಾಗೆ ಕೂಗುತ್ತಿದ್ದಳು. ಖರೇ ಅನ್ನುವುದು ನಮ್ಮ ಹುಬ್ಬಳ್ಳಿಯ ಮಾತೇ ಅಲ್ಲವೇ! ಒಮ್ಮೆ ಪಾಸ್ಟರನ್ನು ತಡೆದು ನಿಲ್ಲಿಸಿ, "ಎದ್ದ ಮ್ಯಾಲ ಮೊಣಕಾಲ ನೋವು ಇರ್ತೈತೇನು, ಕೇಳು ಇವ್ರನ್ನ" ಎಂದು ನನಗೆ ಹೇಳಿದಳು. ನಾನು ನಾಚಿಕೆಯಿಂದ ಗುಜರಾತಿ ಮಾಡಿ ಕೇಳಿದೆ. ಹೊಸ ದೇಹಕ್ಕೆ ಯಾವ ನೋವೂ ಇಲ್ಲ ಎಂದರು ಅವರು. "ಹಂಗಾರ ಬರೋಬ್ಬರಿ" ಎಂದಳು ಅವ್ವ.

ಮನೆಗೆ ಬಂದು ಚಹಾ ಕುಡಿಯುವಾಗ ಪ್ರತಿ ಈಸ್ಟರಿಗೂ ಒಂದೇ ಕಥೆ. ಅವ್ವ ಹತ್ತು ವರ್ಷದವಳಿದ್ದಾಗ ಹೆಂಗಸರ ಜೊತೆ ಕಂದೀಲು ಹಿಡಿದು ಹುಬ್ಬಳ್ಳಿಯ ಸ್ಮಶಾನಕ್ಕೆ ಹೋಗಿದ್ದಳಂತೆ. ಸರಿಯಾಗಿ ಪ್ರಾರ್ಥನೆಯ ಹೊತ್ತಿಗೆ ಒಂದು ಸಮಾಧಿಯ ಹಿಂದಿನಿಂದ ಬೆಳ್ಳಗಿನದೇನೋ ಎದ್ದು ನಿಂತಿತಂತೆ. ಗಡ್ಡವೂ ಇತ್ತಂತೆ! ಪುನರುತ್ಥಾನದ ಹಾಡು ಹಾಡುತ್ತಿದ್ದ ಹೆಂಗಸರೆಲ್ಲ ಕಂದೀಲು ಬಿಸಾಕಿ ಓಡಿದರಂತೆ. ಎದ್ದದ್ದು ಒಂದು ಆಡು. ಅಷ್ಟು ಹೇಳುವಷ್ಟರಲ್ಲಿ ಅವ್ವನಿಗೆ ನಗು ಒತ್ತರಿಸಿ, ನಗು ಕೆಮ್ಮಾಗಿ, ಕಣ್ಣಲ್ಲಿ ನೀರು ಬಂದು ಕಥೆ ಅಲ್ಲೇ ನಿಂತುಬಿಡುತ್ತಿತ್ತು. "ಮುಂದ ಏನಾತಂದ್ರ..." ಎನ್ನುತ್ತಿದ್ದಳು, ಮತ್ತೆ ನಗುತ್ತಿದ್ದಳು. ಮುಂದೇನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಕಥೆಯನ್ನು ನನಗಿಂತ ಹೆಚ್ಚು ಸಲ ಕೇಳಿದವಳು ನಮ್ಮ ಮನೆಯಿಂದ ಮೂರನೆಯ ಮನೆಯ ಮಾಸಿ, ಅಂದರೆ ಗುಜರಾತಿಯಲ್ಲಿ ಚಿಕ್ಕಮ್ಮ. ಆಣಂದದ ಕಡೆಯ ಗುಜರಾತಿ ಕ್ರೈಸ್ತಳು, ಅವ್ವನಿಗಿಂತ ನಾಲ್ಕಾರು ವರ್ಷ ಚಿಕ್ಕವಳು. ಚಳಿಗಾಲದ ಮಧ್ಯಾಹ್ನಗಳಲ್ಲಿ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಹಸಿ ತೊಗರಿಕಾಯಿ ಸುಲಿಯುತ್ತ ಕೂರುತ್ತಿದ್ದರು. ಅವ್ವ ಕನ್ನಡದಲ್ಲಿ, ಮಾಸಿ ಗುಜರಾತಿಯಲ್ಲಿ. ಒಬ್ಬರ ಮಾತು ಮುಗಿದರೆ ಇನ್ನೊಬ್ಬರು "ಖರೇ, ಖರೇ" ಎಂದು ತಲೆದೂಗುವುದು. ಆಡು ಎದ್ದು ನಿಲ್ಲುವುದನ್ನು ಅವ್ವ ಕೈಯಲ್ಲಿ ಕೋಡು ಮಾಡಿ ತೋರಿಸಿದಾಗ ಮಾಸಿ ಸರಿಯಾಗಿ ಅಲ್ಲೇ ನಗುತ್ತಿದ್ದಳು. ಚಹಾ ಕೊಡಲು ಹೋದ ನಾನು, "ಇವ್ರಿಗೆ ಏನು ತಿಳೀತೈತೋ ಏನೋ" ಎಂದು ಗೊಣಗುತ್ತ ಒಳಗೆ ಬರುತ್ತಿದ್ದೆ.

ಈ ವರ್ಷ ಶುಭ ಶುಕ್ರವಾರದ ಬೆಳಿಗ್ಗೆ ಮಾಸಿಯ ಮಗ ಬಾಗಿಲಲ್ಲಿ ನಿಂತಿದ್ದ. ಕಣ್ಣು ಊದಿಕೊಂಡಿದ್ದವು. "ಮಮ್ಮಿ ಹೋಗಿಬಿಟ್ಟಳು, ಬೆನ್" ಎಂದ. ಅವನು ಚಿಕ್ಕಂದಿನಿಂದ ನನ್ನನ್ನು ಅಕ್ಕ ಎನ್ನುವ ಹಾಗೆ ಬೆನ್ ಎಂದೇ ಕರೆಯುವುದು. ನಾನು ಅವನನ್ನು ಕೂರಿಸಿ ನೀರು ಕೊಟ್ಟೆ, ಅತ್ತೆ. ಆಮೇಲೆ ಅವನು ತಲೆ ತಗ್ಗಿಸಿ, ಅವ್ವನ ಬಾಜೂಕಿನ ಜಾಗವನ್ನು ಕೇಳಿದ.

ನನ್ನ ಕಣ್ಣೀರು ಅಲ್ಲೇ ಇಂಗಿಹೋಯಿತು. "ಆ ಜಾಗ ನನ್ನದು. ಅವ್ವನಿಗೆ ಮಾತು ಕೊಟ್ಟಿದ್ದೇನೆ. ಗೋಡೆಯ ಕಡೆ ಜಾಗ ಇಲ್ಲವೇ?" ಎಂದೆ ಅವನ ಭಾಷೆಯಲ್ಲೇ.

"ಇದೆ, ಬೆನ್. ಆದರೆ ಮಮ್ಮಿ ಹೇಳಿದ್ದಳು. ನಿಮ್ಮ ಅವ್ವನ ಹತ್ತಿರ ಮಾತು ಅರ್ಧಕ್ಕೆ ನಿಂತಿದೆ, ಅಲ್ಲೇ ಮಲಗಿಸು ಅಂತ."

"ಯಾವ ಭಾಷೆಯ ಮಾತಪ್ಪ ಅದು?" ಎಂದು ಕೇಳಿದೆ. ಕುಟುಕಿದೆ ಎಂದೇ ಹೇಳಬೇಕು.

ಅವನು ನನ್ನನ್ನೇ ನೋಡಿದ. "ನಿಮಗೇ ಗೊತ್ತಿರಬೇಕಲ್ಲ, ಚಹಾ ತಂದು ಕೊಡುತ್ತಿದ್ದವರು ನೀವು" ಎಂದು ಎದ್ದು ಹೋದ. ತಾಯಿಯ ಹೆಣ ಐಸ್ ಪೆಟ್ಟಿಗೆಯಲ್ಲಿಟ್ಟು ಬಂದವನನ್ನು ಬರಿಗೈಯಲ್ಲಿ ಕಳಿಸಿದ್ದೆ. ನಾಚಿಕೆಯಾಗಬೇಕಿತ್ತು, ಆದರೆ ಆಗ ಬಂದದ್ದು ಸಿಟ್ಟು. ಸೂರತ್ ಹತ್ತಿರದ ಸಚಿನ್ ಎಂಬ ಊರಿನಲ್ಲಿ ಕೆಲಸ ಮಾಡುವ ಮಗಳಿಗೆ ಫೋನ್ ಹಚ್ಚಿ ಎಲ್ಲ ಕಕ್ಕಿದೆ.

"ಅರೇ ಮಮ್ಮಿ, ಸತ್ತ ಮೇಲೆ ಸೀಟ್‌ಗೆ ಯಾರಾದ್ರೂ ಝಗಡಾ ಮಾಡ್ತಾರಾ?" ಎಂದಳು ಅವಳು ತನ್ನ ಹರಕು ಕನ್ನಡದಲ್ಲಿ.

ಮಧ್ಯಾಹ್ನದ ಆರಾಧನೆಯಲ್ಲಿ ಪಾಠ ಓದುವ ಪಾಳಿ ನನ್ನದೇ ಆಗಿತ್ತು. ಬಿಳಿ ಸೀರೆ ಉಟ್ಟು ನಿಂತು ಗುಜರಾತಿ ಬೈಬಲ್ ತೆರೆದೆ. ಯೇಸು ಪ್ರಾಣ ಬಿಟ್ಟ ಮೇಲೆ ಒಬ್ಬ ಶ್ರೀಮಂತ ಬಂದು ದೇಹವನ್ನು ಕೇಳಿ ಪಡೆಯುತ್ತಾನೆ. ತನಗಾಗಿ ಬಂಡೆಯಲ್ಲಿ ಕೊರೆಸಿ ಇಟ್ಟುಕೊಂಡಿದ್ದ ಹೊಸ ಸಮಾಧಿಯಲ್ಲಿ ಅದನ್ನು ಮಲಗಿಸುತ್ತಾನೆ. ಈ ಭಾಗವನ್ನು ಎಷ್ಟು ವರ್ಷ ಓದಿಲ್ಲ ನಾನು! ಆವತ್ತು "ತನಗಾಗಿ" ಅನ್ನುವಲ್ಲಿ ನಾಲಿಗೆ ಹೊರಳಲಿಲ್ಲ. ಮೂರೇ ದಿನಕ್ಕೆ ಆ ಜಾಗ ಖಾಲಿಯಾಯಿತು, ನಿಜ. ಆದರೆ ಕೊಡುವಾಗ ಪಾಪ ಅವನಿಗೇನು ಗೊತ್ತಿತ್ತು? ಕೊನೆಗೆ ಆ ಶ್ರೀಮಂತ ಎಲ್ಲಿ ಮಲಗಿದನೋ, ಯಾರೂ ಬರೆದಿಟ್ಟಿಲ್ಲ. ಪಾಸ್ಟರು ಎರಡು ಸಲ ಕೆಮ್ಮಿದ ಮೇಲೆ ಮುಂದಿನ ಸಾಲು ಓದಿದೆ.

ಚರ್ಚಿನಿಂದ ನೆಟ್ಟಗೆ ಮಾಸಿಯ ಮನೆಗೆ ಹೋದೆ. ಪೆಟ್ಟಿಗೆಯ ಗಾಜಿನ ಕೆಳಗೆ ಮಾಸಿ ಬಾಯಿ ಬಿಗಿದು ಮಲಗಿದ್ದಳು. ಅವಳು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಮಗ ಮೂಲೆಯಲ್ಲಿ ಕೂತಿದ್ದ. ಅವನ ತಲೆಯ ಮೇಲೆ ಕೈಯಿಟ್ಟು, "ಮುಂಜಾನೆ ನನ್ನ ಬಾಯಾಗ ದೆವ್ವ ಹೊಕ್ಕಿತ್ತು ತಮ್ಮಾ. ಅಲ್ಲೇ ತೋಡಿಸು" ಎಂದೆ. ಅವಸರದಲ್ಲಿ ಕನ್ನಡದಲ್ಲೇ ಹೇಳಿದ್ದೆ. ಅವನು ನನ್ನ ಕೈಯನ್ನು ಹಿಡಿದು ಬಿಕ್ಕಿ ಬಿಕ್ಕಿ ಅತ್ತ.

ಶನಿವಾರ ಬಿಸಿಲೇರುವ ಮೊದಲೇ ಹೋಗಿ ನಾಲ್ಕು ಇಟ್ಟಿಗೆಗಳನ್ನು ಕಿತ್ತೆ, ಕನಕಾಂಬರವನ್ನು ಬೇರು ಸಮೇತ ತೆಗೆದು ಅವ್ವನ ತಲೆಯ ಕಡೆ ನೆಟ್ಟೆ. ಕೊಟ್ಟ ಮಾತು ಮುರಿದೆನಲ್ಲ ಎಂದು ಎದೆ ಹಿಂಡುತ್ತಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಹತ್ತು ಗಂಟೆಗೆ ಮಾಸಿಯನ್ನು ಅಲ್ಲಿ ಇಳಿಸಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಈಸ್ಟರ್ ಬೆಳಗಿನ ಜಾವ ಎರಡೂ ಕಡೆ ಬತ್ತಿ ಹಚ್ಚಿದೆ. ಅವ್ವನದು ಸುಣ್ಣ ಬಳಿದ ಬಿಳಿ ಸಮಾಧಿ, ಮಾಸಿಯದು ಇನ್ನೂ ಹಸಿ ಮಣ್ಣು. ಪಾಸ್ಟರು ಕೂಗಿದರು, ಎಲ್ಲರೂ ಖರೇಖರ್ ಎಂದರು. ಅವ್ವನ ಪಾಲಿನದನ್ನೂ ಸೇರಿಸಿ ನಾನು ಗೋಡೆಯಾಚೆ ಕೇಳುವ ಹಾಗೆ ಕೂಗಿದೆ. ಸಮಿತಿಯ ಹಿರಿಯ ಹತ್ತಿರ ಬಂದು, ಗೋಡೆಯ ಕಡೆ ಬೇವಿನ ಮರದ ಕೆಳಗೆ ಇನ್ನೂ ಜಾಗವಿದೆ, ಚಿಂತೆ ಮಾಡಬೇಡಿ ಎಂದ. ಇಲ್ಲಿಂದ ಅಲ್ಲಿಗೆ ಬಹಳ ದೂರ. ಇರಲಿ, ನಡೆದುಕೊಂಡು ಬಂದೇನು. ಆಗ ಮೊಣಕಾಲು ನೋಯುವುದಿಲ್ಲವಲ್ಲ.

ಎಲ್ಲರೂ ಹೊರಟ ಮೇಲೆ ಅವ್ವನ ಹತ್ತಿರ ಬಗ್ಗಿ ಹೇಳಿದೆ: "ಅವ್ವಾ, ಮಾಸಿ ಬಂದಾಳ. ಆಡಿನ ಕತಿ ಶುರು ಮಾಡು. ಆದ್ರ ನಾ ಬರೋತನಕಾ ಮುಗಸಬ್ಯಾಡ."