ವಿಲ್ಮಾ ಎಣಿಸಲು ಹೇಳಿದ ಎಪ್ಪತ್ತಾರು ದಿನ

ವಿಲ್ಮಾ ಟ್ರೆಸ್ಲರ್ ನನಗೆ ಮೀನು ಮಾರಲಿಲ್ಲ. ಅದೂ ಶನಿವಾರ ಬೆಳಿಗ್ಗೆ, ಅಂಗಡಿಯಲ್ಲಿ ಆರೇಳು ಜನ ನಿಂತಿದ್ದಾಗ. ಏಳು ವರ್ಷವಾಯಿತು. ಆಕೆ ಈಗ ಇಲ್ಲ. ಆದರೂ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

"ನಿನ್ನ ಮೀನಿಗೆ ಬಿಳಿ ಚುಕ್ಕೆ ಇತ್ತಲ್ಲ ಡೆನ್ನಿ, ಏನಾಯ್ತು?" ಎಂದಳು.

"ಹೋಯ್ತು. ನಾಲ್ಕು ದಿನದಿಂದ ಒಂದೂ ಇಲ್ಲ. ಆ ಕಿತ್ತಳೆ ಬಣ್ಣದ ಮೀನಿನ ಜೋಡಿ ಹಿಡಿದು ಕೊಡಿ."

"ಕೊಡಲ್ಲ."

"ಯಾಕೆ, ನನ್ನ ದುಡ್ಡು ದುಡ್ಡಲ್ವಾ?"

"ದುಡ್ಡೇನೋ ಚೆನ್ನಾಗಿದೆ. ನಿನ್ನ ನೀರು ಚೆನ್ನಾಗಿಲ್ಲ. ಶುಕ್ರವಾರ ಚರ್ಚಿನ ಊಟದಲ್ಲಿ ಕರಿದ ಮೀನು ತಿಂತೀಯಲ್ಲ, ಅಷ್ಟು ಸಾಕು. ನನ್ನವನ್ನ ಸಾಯಿಸೋಕೆ ಒಯ್ಯಬೇಡ. ತೊಟ್ಟಿಯಿಂದ ಮೀನೆಲ್ಲ ತೆಗೆದು ಎಪ್ಪತ್ತಾರು ದಿನ ಎಣಿಸಿ ಬಾ."

ಎಲ್ಲರೂ ನಕ್ಕರು. ನಾನು ಬಾಗಿಲು ಬಡಿದ ರಭಸಕ್ಕೆ ಅದರ ಗಂಟೆ ಕಳಚಿ ಬಿತ್ತು. ಆಕೆ ಹೇಳಿದ್ದು ಸರಿ ಎಂದು ಆಮೇಲೆ ಗೊತ್ತಾಯಿತು. ಸರಿ ಇದ್ದರೇನು? ಪಕ್ಕಕ್ಕೆ ಕರೆದು ಹೇಳಬಹುದಿತ್ತು.

ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ಅವಳು. ಕೆಲಸ ಬಿಟ್ಟ ಮೇಲೆ ನಮ್ಮ ಈರಿ ಊರಿನಲ್ಲೇ ಮುಚ್ಚಿಹೋಗಿದ್ದ ಒಂದು ಕ್ಷೌರದಂಗಡಿ ಹಿಡಿದು, ಮನೆಯಲ್ಲಿ ಸಾಕುವ ಸಮುದ್ರದ ಮೀನು ಮಾರಾಟಕ್ಕೆ ಇಟ್ಟಳು. ಕ್ಷೌರದವನ ಉದ್ದನೆಯ ಕನ್ನಡಿ ಗೋಡೆಯಲ್ಲೇ ಇತ್ತು, ಹಾಗಾಗಿ ಪ್ರತಿ ಮೀನೂ ಎರಡೆರಡಾಗಿ ಕಾಣುತ್ತಿತ್ತು. ಮದುವೆಯಾಗಿರಲಿಲ್ಲ. ಮಕ್ಕಳಿಗೆ ಊಟ ಬಡಿಸುತ್ತಿದ್ದ ಗಟ್ಟಿ ದನಿಯಲ್ಲೇ ಗಿರಾಕಿಗಳಿಗೂ ಬೈಯುತ್ತಿದ್ದಳು.

ನನ್ನ ಮನೆಯ ಗಾಜಿನ ತೊಟ್ಟಿಯಲ್ಲಿ ಪೀಟ್ ಇದ್ದ. ತಟ್ಟೆಯಂತೆ ಚಪ್ಪಟೆ, ನಿಂಬೆಹಣ್ಣಿನ ಬಣ್ಣ. ನಾನು ಕುಡಿತ ಬಿಟ್ಟ ವರ್ಷ ತಂದ ಮೀನು ಅದು. ಚಾವಣಿ ಹೊದಿಸುವ ಕೆಲಸ ಮುಗಿಸಿ ಬಂದರೆ ಸಂಜೆ ಕೈಗೆ ಏನೂ ಇರುತ್ತಿರಲಿಲ್ಲ, ಕಾಲು ತಾನಾಗಿ ಬಾರಿನ ಕಡೆ ತಿರುಗುತ್ತಿತ್ತು. ಆಗ ಪೀಟ್‌ನ ಮುಂದೆ ಕುಳಿತುಕೊಳ್ಳುತ್ತಿದ್ದೆ. ಹಾಗೆ ಆಗಲೇ ಹನ್ನೊಂದು ವರ್ಷ ಕುಳಿತಿದ್ದೆ. ಅವನು ಹೋದರೆ ಸಂಜೆ ಏನು ಮಾಡುತ್ತೇನೆ ಎಂಬ ಭಯ ನನಗೂ ಇತ್ತು, ನನ್ನ ಹೆಂಡತಿ ಮಾರ್ಸಿಗೂ ಇತ್ತು. ನಾವು ಅದನ್ನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಆ ಚುಕ್ಕೆ ರೋಗ ದೊಡ್ಡ ಮೋಸಗಾರ. ಮೈಮೇಲೆ ಉಪ್ಪಿನ ಕಣ ಅಂಟಿದಂತೆ ಕಾಣುತ್ತದೆಯಲ್ಲ, ಅದು ಮೀನನ್ನು ತಿಂದು ಬದುಕುವ ಪರೋಪಜೀವಿ. ಹೊಟ್ಟೆ ತುಂಬಿದ ಮೇಲೆ ಉದುರಿ, ಮರಳಿಗೋ ಕಲ್ಲಿಗೋ ಅಂಟಿಕೊಂಡು, ಸುತ್ತ ಚಿಪ್ಪು ಕಟ್ಟಿಕೊಂಡು ಕೂರುತ್ತದೆ. ಮೀನು ಶುಭ್ರವಾಗಿ ಕಾಣುತ್ತದೆ, ನನ್ನಂಥವನು ವಾಸಿಯಾಯಿತೆಂದು ಕುಣಿಯುತ್ತಾನೆ. ಅಷ್ಟರಲ್ಲಿ ಚಿಪ್ಪಿನೊಳಗೆ ಒಂದಿದ್ದದ್ದು ನೂರಾಗಿರುತ್ತದೆ. ಗಾಜಿನ ತೊಟ್ಟಿಗೆ ಮದ್ದು ಹಾಕಿದರೆ ಅದರಲ್ಲಿ ಬೆಳೆಸಿದ ಹವಳ ಸಾಯುತ್ತದೆ. ಆದ್ದರಿಂದ ಮೀನುಗಳನ್ನೆಲ್ಲ ಹೊರಗೆ ತೆಗೆದು, ಅದಕ್ಕೆ ತಿನ್ನಲು ಏನೂ ಸಿಗದಂತೆ ಮಾಡಿ, ಕೊನೆಯದೂ ಸಾಯುವವರೆಗೆ ಎಪ್ಪತ್ತಾರು ದಿನ ಉಪವಾಸ ಕೆಡವಬೇಕು.

ಅಂಗಡಿಯ ಜಗಳವಾಗಿ ಆರನೆಯ ದಿನ ಪೀಟ್‌ನ ಮೈತುಂಬಾ ಚುಕ್ಕೆ ಎದ್ದಿತು. ಉಳಿದಿದ್ದ ಎರಡು ಮೀನು ಸತ್ತವು. ಮಾರ್ಸಿ ನನ್ನನ್ನು ಕೇಳದೆ ವಿಲ್ಮಾಗೆ ಫೋನ್ ಮಾಡಿದಳು.

ಭಾನುವಾರ ಮಧ್ಯಾಹ್ನ ಎರಡಕ್ಕೆ, ಒಂದು ಪ್ಲಾಸ್ಟಿಕ್ ತೊಟ್ಟಿ ಮತ್ತು ತಾಮ್ರದ ಮದ್ದು ಹಿಡಿದು ಬಂದಳು. ನನ್ನ ಮುಖ ನೋಡಲಿಲ್ಲ.

"ಮಾರ್ಸಿ, ನಿನ್ನ ಗಂಡನಿಗೆ ಹೇಳು, ಕಲ್ಲೆಲ್ಲ ಎತ್ತದಿದ್ರೆ ಮೀನು ಸಿಗಲ್ಲ ಅಂತ."

"ಇಲ್ಲೇ ನಿಂತಿದ್ದಾನಲ್ಲ, ನೀವೇ ಹೇಳಿ."

"ನಿಂತಿರೋದು ಕಾಣ್ತಿದೆ. ಕೇಳಿಸಿಕೊಳ್ಳೋನ ಹಾಗೆ ಕಾಣ್ತಿಲ್ಲ."

ಕಲ್ಲೆಲ್ಲ ಎತ್ತಿ ಹಿಡಿಯುವಷ್ಟರಲ್ಲಿ ಪೀಟ್ ಬಾಲದ ಮುಳ್ಳಿನಿಂದ ನನ್ನ ಹೆಬ್ಬೆರಳು ಸೀಳಿದ. ವಿಲ್ಮಾ ಮೊದಲು ಮೀನನ್ನು ನೋಡಿದಳು, ಆಮೇಲೆ ಬೆರಳನ್ನು.

ಪೀಟ್ ನೆಲಮಾಳಿಗೆಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಉಳಿದ. ಮೇಲೆ ಗಾಜಿನ ತೊಟ್ಟಿಯಲ್ಲಿ ಹವಳ, ಕಲ್ಲು, ಖಾಲಿ ನೀರು. ಪ್ರತಿ ಭಾನುವಾರ ಎರಡಕ್ಕೆ ವಿಲ್ಮಾ ಬರುತ್ತಿದ್ದಳು. ಬೂಟಿನ ಹಿಮ ಕೊಡವಿ, ಕೆಳಗಿಳಿದು, ಸಣ್ಣ ನಳಿಕೆಯಲ್ಲಿ ನೀರು ಹಿಡಿದು ಮೂರು ಹನಿ ಪರೀಕ್ಷೆಯ ದ್ರಾವಣ ಹಾಕಿ, ಕಿಟಕಿಯ ಬೆಳಕಿಗೆ ಎತ್ತಿ ಬಣ್ಣ ನೋಡುತ್ತಿದ್ದಳು. ತಾಮ್ರ ಕಡಿಮೆಯಾದರೆ ರೋಗ ಸಾಯುವುದಿಲ್ಲ, ಹೆಚ್ಚಾದರೆ ಮೀನೇ ಸಾಯುತ್ತದೆ. ತಿಂಗಳ ನಂತರ ತಾಮ್ರ ನಿಲ್ಲಿಸಿದರೂ ಮೀನಿನ ಹೊಲಸಿನಿಂದ ನೀರು ಕೆಡುತ್ತದೆ ಎಂದು ಬರುವುದನ್ನು ಬಿಡಲಿಲ್ಲ. ಮಾರ್ಸಿ ಹಿಟ್ಟಿನೊಳಗೆ ಮಾಂಸವಿಟ್ಟು ಬೇಯಿಸಿದ ಪೆಪರೋನಿ ಉಂಡೆ ತಿಂದು, ಕಾಫಿ ಕುಡಿದು ಹೋಗುತ್ತಿದ್ದಳು. ನಾಲ್ಕನೆಯ ವಾರದ ಹೊತ್ತಿಗೆ ನನ್ನೊಡನೆಯೂ ಮಾತು ಶುರುವಾಗಿತ್ತು.

ಅರವತ್ತೊಂದನೆಯ ದಿನ ನಾನು ಕೆಟ್ಟೆ. ಮೇಲಿನ ಗಾಜಿಗೆ ಪಾಚಿ ಕಟ್ಟಿತ್ತು. ಪಾಚಿ ಮೇಯಲಿ ಎಂದು ಬೇರೆ ಅಂಗಡಿಯಿಂದ ನಾಲ್ಕು ಬಸವನಹುಳು ತಂದು ಬಿಟ್ಟೆ. ಮೀನು ತಾನೇ ಹಾಕಬಾರದು, ಹುಳುವಿನಿಂದ ಏನು ಎಂದುಕೊಂಡೆ. ಅದರ ಹಿಂದೆಯೇ ಭಾನುವಾರ ಬಂತು. ವಿಲ್ಮಾ ಗಾಜಿನ ಮುಂದೆ ನಿಂತಳು.

"ಇವು ಯಾವ ನೀರಿಂದ ಬಂದ್ವು?"

"ಅಂಗಡಿಯಿಂದ."

"ಅಲ್ಲಿ ಇವುಗಳ ಜೊತೆ ಮೀನು ಇದ್ವಾ?"

ಇದ್ದವು. ಆ ಚಿಪ್ಪು ಕಟ್ಟುವ ಕಳ್ಳನಿಗೆ ಕಲ್ಲೂ ಒಂದೇ, ಬಸವನಹುಳುವಿನ ಬೆನ್ನೂ ಒಂದೇ.

"ಮೊದಲಿಂದ ಎಣಿಸು ಡೆನ್ನಿ," ಎಂದಳು. "ನಿನಗೆ ಗೊತ್ತಿರೋ ಕೆಲಸ ತಾನೇ?"

ಕುಡಿತ ಬಿಟ್ಟ ಮೊದಲ ಸಲ ಹತ್ತು ತಿಂಗಳಿಗೆ ನಾನು ಮುಗ್ಗರಿಸಿದ್ದೆ, ಮತ್ತೆ ಒಂದರಿಂದ ಎಣಿಸಿದ್ದೆ. ಮಾರ್ಸಿ ಅವಳಿಗೆ ಹೇಳಿರಬೇಕು. ಧೈರ್ಯ ತುಂಬಲು ಆಡಿದ ಮಾತೋ ಏನೋ. ನನಗೆ ಮಾತ್ರ ಅಂಗಡಿಯಲ್ಲಿ ನಕ್ಕವರ ಮುಖಗಳೇ ಕಂಡವು.

"ನಿನಗೇನು, ಎಣಿಸು ಅಂತೀಯ!" ಎಂದು ಕೂಗಿದೆ. "ಮನೇಲಿ ನಿನ್ನ ದಾರಿ ಕಾಯೋರು ಒಬ್ಬರೂ ಇಲ್ಲ. ಅದಕ್ಕೇ ನನ್ನ ಮನೆಗೆ ಬಂದು ನನ್ನ ದಿನ ಎಣಿಸ್ತೀಯ. ಈ ರೋಗ ಮುಗಿದ್ರೆ ಭಾನುವಾರ ಎಲ್ಲಿಗೆ ಹೋಗ್ತೀಯ ಅಂತ ನಿನಗೇ ಭಯ!"

ವಿಲ್ಮಾ ಕೆಳಗಿಳಿದಳು. ಎಂದಿನಂತೆ ನೀರು ಪರೀಕ್ಷಿಸಿದಳು, ನಳಿಕೆಯನ್ನು ಮೂರು ಸಲ ತೊಳೆದು ಒರೆಸಿ ಡಬ್ಬಿಗೆ ಹಾಕಿದಳು. ಮೇಲೆ ಬಂದು ಕೋಟು ಹಾಕಿಕೊಳ್ಳುತ್ತಾ ಹೇಳಿದಳು: "ನೀರು ಕೆಟ್ಟಿದೆ. ನಾಳೆ ಅರ್ಧ ಬದಲಾಯಿಸು. ತಣ್ಣೀರು ಸುರೀಬೇಡ, ಬೆಚ್ಚಗೆ ಮಾಡು."

ಅವಳಿನ್ನು ಬರುವುದಿಲ್ಲ, ಪೀಟ್ ಉಳಿಯುವುದಿಲ್ಲ ಎಂದುಕೊಂಡೆ. ಮುಂದಿನ ಭಾನುವಾರ ಎರಡಕ್ಕೆ ಬೂಟು ಕೊಡವುವ ಸದ್ದಾಯಿತು. ಆಮೇಲೆ ಒಂದು ವಾರವೂ ತಪ್ಪಲಿಲ್ಲ. ಬಂದು ನೀರು ನೋಡಿ ಹೋಗುತ್ತಿದ್ದಳು. ಉಂಡೆ, ಕಾಫಿ ಮಾತ್ರ ಬೇಡ ಎನ್ನುತ್ತಿದ್ದಳು.

ಎರಡನೆಯ ಸಲದ ಎಪ್ಪತ್ತಾರನೆಯ ದಿನ ಪೀಟ್‌ನನ್ನು ಗಾಜಿನ ತೊಟ್ಟಿಗೆ ಬಿಟ್ಟೆವು. ಅರ್ಧ ಗಂಟೆ ಕಲ್ಲಿನ ಹಿಂದೆ ಅಡಗಿದ್ದ. ಆಮೇಲೆ ಹೊರಗೆ ಬಂದು ಪಾಚಿ ಕಿತ್ತು ತಿಂದ. ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ವಿಲ್ಮಾ ಪೇಂಟಿನ ಖಾಲಿ ಬಕೆಟ್ಟು ಬೋರಲು ಹಾಕಿ ಕುಳಿತು ನೋಡುತ್ತಿದ್ದಳು. ಹೇಳಬೇಕಾದ ಮಾತನ್ನು ನಾನು ಒಂದು ವಾರದಿಂದ ಜೋಡಿಸಿಕೊಂಡಿದ್ದೆ.

"ವಿಲ್ಮಾ..." ಎಂದೆ.

"ಬಲೆ ಒಣಗಿಸಿಡು," ಎಂದಳು. "ಒದ್ದೆ ಬಲೇಲಿ ರೋಗ ದಾಟುತ್ತೆ, ಯಾರಿಗೂ ಕೊಡಬೇಡ."

"ಆಯ್ತು," ಎಂದೆ. ಬಲೆ ಕೊಡವಿ ಕಿಟಕಿಗೆ ನೇತುಹಾಕಿದೆ.

ಅದಾದ ಮೇಲೆ ಎರಡು ವರ್ಷ ಅವಳ ಅಂಗಡಿಗೆ ಹೋಗಿದ್ದೇನೆ. ತೊಟ್ಟಿಯ ನೀರಿಗೆ ಉಪ್ಪು ಕೊಂಡಿದ್ದೇನೆ, ಮೀನು ಕೊಂಡಿದ್ದೇನೆ, ಬೈಸಿಕೊಂಡಿದ್ದೇನೆ. ಹೆಚ್ಚು ಸಲ ಯಾರಾದರೊಬ್ಬರು ಪಕ್ಕದಲ್ಲಿ ನಿಂತಿರುತ್ತಿದ್ದರು. ಯಾರೂ ಇಲ್ಲದ ದಿನ ನನಗೇ ಅವಸರ. ಅಕ್ಟೋಬರಿನಲ್ಲಿ ಒಂದು ದಿನ ಅಂಗಡಿಯಲ್ಲೇ ಕುಸಿದು ಬಿದ್ದಳಂತೆ, ಮತ್ತೆ ಏಳಲಿಲ್ಲ.

ಮಣ್ಣು ಮಾಡುವ ದಿನ ಅವಳ ತಂಗಿ ನನ್ನ ಕೈ ಹಿಡಿದು, "ನೀವು ವಿಲ್ಮಾಗೆ ಹೇಗೆ ಪರಿಚಯ?" ಎಂದು ಕೇಳಿದಳು.

"ಮೀನು ಕೊಳ್ಳುತ್ತಿದ್ದೆ," ಎಂದೆ.

ನನ್ನ ಹಿಂದೆ ಸಾಲು ಉದ್ದವಿತ್ತು. ವಿಲ್ಮಾಳಲ್ಲಿ ಕೇಳಬೇಕಿದ್ದ ಕ್ಷಮೆಯನ್ನು ತಂಗಿಯಲ್ಲಾದರೂ ಕೇಳದೆ ಮುಂದೆ ಸರಿದೆ.